ಹೆಲ್ಮೆಟ್ಟಿನೊಳಗಿನ ಮಣ್ಣು

ಆ ಹೆಲ್ಮೆಟ್ಟು ನನ್ನ ಕೈಗೆ ಬಂದಾಗ ಅದರ ಬಾಯಿತನಕ ಮಣ್ಣು ತುಂಬಿತ್ತು. ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ಸಿಗುವ ಹಳೆ ಸಾಮಾನಿನ ಓಣಿಯಲ್ಲಿ ನಾನು ಆಗಾಗ ಹೋಗುತ್ತಿದ್ದ ಒಂದು ಅಂಗಡಿಯಿದೆ. ಅದರ ಮುದುಕ ಮಾಲೀಕ ಗೋಣಿಚೀಲಕ್ಕೆ ಎರಡೂ ಕೈ ಹಾಕಿ ಅದನ್ನೆತ್ತಿ ಮುಂದಿಟ್ಟ. ಎರಡನೇ ಮಹಾಯುದ್ಧದ ಕಾಲದ್ದು, ಈಶಾನ್ಯದ ಗುಡ್ಡಗಳಲ್ಲಿ ಯಾರೋ ಹೊಲ ಅಗೆಯುವಾಗ ಸಿಕ್ಕಿದ್ದು, ಗುಜರಿಯವರ ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂತು ಎಂದ. ಒಳಗಿನ ಮಣ್ಣು ಕೆಂಪಗೆ ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು, ಅದರಲ್ಲಿ ಹುಲ್ಲಿನ ಬೇರುಗಳು ಹೆಣೆದುಕೊಂಡಿದ್ದವು. ಬಡಿದು ಉದುರಿಸಿ ಕೊಡಲೇ ಎಂದು ಮುದುಕ ಸುತ್ತಿಗೆ ಎತ್ತಿಕೊಂಡ. ನಾನು ಬೇಡವೆಂದೆ. ಬಡಿದರೆ ಒಳಗಿನ ಚರ್ಮದ ಪಟ್ಟಿ ಹರಿದುಹೋಗುತ್ತದೆ, ನಾನೇ ಮನೆಯಲ್ಲಿ ನಿಧಾನವಾಗಿ ಬಿಡಿಸಿಕೊಳ್ಳುತ್ತೇನೆ ಎಂದು ಹೇಳಿ ಹಾಗೆಯೇ ಕಟ್ಟಿಸಿಕೊಂಡೆ. ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ ಎಷ್ಟೋ ದಿನ ಆ ಸುತ್ತಿಗೆ ನನ್ನ ಕಣ್ಣಮುಂದೆ ಬರುತ್ತಿತ್ತು.

ನಾನು ಮೂವತ್ತು ವರ್ಷ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವನು. ಬಣ್ಣ ಬಳಿದ ಉಕ್ಕಿನ ತಗಡುಗಳನ್ನು ಉಪ್ಪುನೀರಿನ ಮಂಜು ಹಾಯುವ ಪೆಟ್ಟಿಗೆಯಲ್ಲಿಟ್ಟು, ಎಷ್ಟನೇ ದಿನಕ್ಕೆ ತುಕ್ಕು ಬಂತು ಎಂದು ಬರೆದಿಡುವುದು ನನ್ನ ಕೆಲಸ. ನಿವೃತ್ತನಾಗುವ ಹೊತ್ತಿಗೆ ತುಕ್ಕಿನ ಬಣ್ಣ ನೋಡಿಯೇ ಅದರ ವಯಸ್ಸು ಹೇಳಬಲ್ಲೆ ಎಂಬ ಜಂಬ ಬಂದಿತ್ತು. ಒಮ್ಮೆ ಆ ಓಣಿಯಲ್ಲಿ ತುಕ್ಕು ಹಿಡಿದ ಸೈನಿಕರ ಹೆಲ್ಮೆಟ್ಟೊಂದು ಕಂಡಿತು. ಅದರ ಕೆಳಗೆ ಮೂಲ ಬಣ್ಣ ಇನ್ನೂ ಉಳಿದಿರಬೇಕು ಅನ್ನಿಸಿ ಮನೆಗೆ ತಂದೆ. ಒಂದು ತಿಂಗಳು ಕೂತು ತೆಗೆದಾಗ ನಿಜಕ್ಕೂ ಹಸಿರು ಬಣ್ಣ, ಅದರ ಮೇಲೆ ಕುಂಚದಲ್ಲಿ ಬರೆದ ಅಂಕಿಗಳು ಮೇಲೆದ್ದು ಬಂದವು. ಅಲ್ಲಿಂದ ಚಟ ಹತ್ತಿತು. ಇದೆಲ್ಲ ನಡೆಯುವ ಹೊತ್ತಿಗೆ ಮಲಾಡಿನ ನಮ್ಮ ಎರಡನೇ ಮಹಡಿಯ ಮನೆಯಲ್ಲಿ, ಹೊರಗಿನ ಕೋಣೆಯ ಗಾಜಿನ ಕಪಾಟಿನಲ್ಲಿ, ಹನ್ನೊಂದು ಹೆಲ್ಮೆಟ್ಟುಗಳಿದ್ದವು.

ಹೆಂಡತಿಗೆ ಇದು ಮೊದಲಿನಿಂದಲೂ ಸೇರುತ್ತಿರಲಿಲ್ಲ. ಅವಳೂ ನನ್ನಂತೆ ಧಾರವಾಡದ ಕಡೆಯವಳು. ಮನೆಗೆ ಬಂದ ಬೀಗರು ಕಪಾಟು ನೋಡಿ ಏನಿದು ಎಂದು ಕೇಳಿದರೆ, ತಲೆ ಹೋದರೂ ಉಳಿದ ಟೊಪಗಿಗಳು ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಕಪಾಟಿನ ಗಾಜನ್ನು ಒಂದು ದಿನವೂ ಒರೆಸಿದವಳಲ್ಲ. ಮಗಳು ಮುಂಬಯಿಯಲ್ಲೇ ಹುಟ್ಟಿ ಬೆಳೆದು ಇಲ್ಲೇ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ; ಅವಳಿಗೆ ಅಪ್ಪನ ಈ ಹುಚ್ಚು ಗೆಳತಿಯರ ಮುಂದೆ ಹೇಳಿ ನಗುವ ವಿಷಯ.

ನೆಲಮಹಡಿಯಲ್ಲಿ ಬೆಳಗಾವಿ ಕಡೆಯ ಒಬ್ಬ ಹಿರಿಯರಿದ್ದರು. ಸೈನ್ಯದಲ್ಲಿ ಸುಬೇದಾರರಾಗಿ, ನೆಲದಲ್ಲಿ ಹೂತಿಟ್ಟ ಸ್ಫೋಟಕಗಳನ್ನು ಹುಡುಕಿ ತೆಗೆಯುವ ತುಕಡಿಯಲ್ಲಿದ್ದು ಬಂದವರು. ಬಲಗಿವಿ ಕೇಳಿಸುತ್ತಿರಲಿಲ್ಲ. ಬೆಳಿಗ್ಗೆ ಇಬ್ಬರೂ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದೆವು. ನಾನು ಯಾವಾಗಲೂ ಅವರ ಎಡಕ್ಕೆ ಕೂರಬೇಕು. ನನ್ನ ಸಂಗ್ರಹ ನೋಡಲು ಬನ್ನಿ ಎಂದು ಮೂರು ಸಲವಾದರೂ ಕರೆದಿದ್ದೆ. ಅವರು ಬರಲಿಲ್ಲ. ಕೊನೆಯ ಸಲ ಕರೆದಾಗ, "ಖಾಲಿ ಟೊಪಗಿ ನೋಡಾಕ ನನಗ ಆಗೂದಿಲ್ರಿ. ನೀವು ಬ್ಯಾರೆ ಏನರ ಕೂಡಸ್ರಿ, ಬಂದು ನೋಡ್ತೀನಿ," ಅಂದರು. ನಾನು ಮತ್ತೆ ಕರೆಯಲಿಲ್ಲ.

ಮಣ್ಣು ತುಂಬಿದ ಆ ಹೆಲ್ಮೆಟ್ಟನ್ನು ನಾನು ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ತಂದೆ. ಕಾಲ ಬಳಿ ಇಟ್ಟುಕೊಳ್ಳಲು ಜಾಗವಿರಲಿಲ್ಲ, ಚೀಲವನ್ನು ತಲೆಯ ಮೇಲಿನ ಕಬ್ಬಿಣದ ಹಲಗೆಗೇರಿಸಿದೆ. ದಾದರಿನಲ್ಲಿ ಜನ ನುಗ್ಗಿದರು. ಮುಂದೆಲ್ಲೋ ಗಾಡಿ ಜಗ್ಗಿ ನಿಂತಾಗ ಚೀಲ ಸರಿದು ಕಂಬಿಗೆ ಠಣ್ಣನೆ ಬಡಿಯಿತು. ಕೆಳಗೆ ಕೂತಿದ್ದವನು ತಲೆಯೆತ್ತಿ, ಏನಿದೆ ಇದರಲ್ಲಿ, ಬೀಳುತ್ತದೇನೋ ಎಂದು ಕೇಳಿದ. ಹಳೆ ಪಾತ್ರೆ ಎಂದೆ. ಮನೆಗೆ ಬಂದು ತೂಕದ ಯಂತ್ರದ ಮೇಲಿಟ್ಟರೆ ಆರು ಕಿಲೋಗೂ ಹೆಚ್ಚು. ಅಷ್ಟು ಮಣ್ಣಿಗೆ ಅಷ್ಟು ತೂಕ ಬರಬಾರದಿತ್ತು. ನಾನು ಅದನ್ನು ಗಮನಿಸಿದೆ, ಗಮನಿಸಿ ಖುಷಿಪಟ್ಟೆ. ಒಳಗೆ ಬಕಲ್ಲೋ, ತಟ್ಟೆಯೋ, ಸೈನಿಕನ ಬೇರೇನಾದರೂ ವಸ್ತುವೋ ಇರಬಹುದು ಅಂದುಕೊಂಡೆ.

ಇಂಥದ್ದನ್ನು ಬಿಡಿಸುವ ಕ್ರಮವೇನೂ ಕಷ್ಟದ್ದಲ್ಲ, ತಾಳ್ಮೆ ಬೇಕು ಅಷ್ಟೆ. ಮೊದಲು ಬರೀ ನೀರಿನಲ್ಲಿ ನೆನೆಸಿಡಬೇಕು. ದಿನಾ ನೀರು ಬದಲಿಸಿ, ಮೆತ್ತಗಾದಷ್ಟು ಮಣ್ಣನ್ನು ಬಿದಿರಿನ ಕಡ್ಡಿಯಿಂದ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಮಣ್ಣೆಲ್ಲ ಹೋದ ಮೇಲೆ ಸಿಟ್ರಿಕ್ ಆಸಿಡ್ಡಿನ ತೆಳು ನೀರು. ಕಿರಾಣಿ ಅಂಗಡಿಯಲ್ಲಿ ಲಿಂಬೂ ಫೂಲ್ ಎಂದು ಕೊಡುತ್ತಾರಲ್ಲ, ಆ ಬಿಳಿ ಹರಳು. ಅದು ತುಕ್ಕನ್ನು ತಿನ್ನುತ್ತದೆ, ಬಣ್ಣವನ್ನು ಬಿಡುತ್ತದೆ. ಆಮೇಲೆ ತೊಳೆದು, ಒಣಗಿಸಿ, ಮೇಣ ಸವರಿದರೆ ಮುಗಿಯಿತು. ಹೆಂಡತಿ, ಮಗಳು ಮಲಗುವ ಕೋಣೆಯ ಬಾಲ್ಕನಿಯಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬಿಟ್ಟು ಹೆಲ್ಮೆಟ್ಟನ್ನು ಅಂಗಾತ ಮುಳುಗಿಸಿದೆ. ದಿನಕ್ಕೊಂದು ಗಂಟೆ ಸ್ಟೂಲಿನ ಮೇಲೆ ಕೂತು ಕೆದಕುತ್ತಿದ್ದೆ. ಗಟ್ಟಿ ಜಾಗ ಸಿಕ್ಕರೆ ಬಿದಿರ ಕಡ್ಡಿಯ ಹಿಂಬದಿಗೆ ಮರದ ತುಂಡಿನಿಂದ ಮೆಲ್ಲಗೆ ಕುಟ್ಟುತ್ತಿದ್ದೆ. ನೀರು ದಿನವೂ ರಕ್ತದಂತೆ ಕೆಂಪಾಗಿ ಹೋಗುತ್ತಿತ್ತು. ಹೆಂಡತಿ ಅದನ್ನು ಮೋರಿಗೆ ಚೆಲ್ಲಲು ಬಿಡುತ್ತಿರಲಿಲ್ಲ. ನಾನು ಬಕೆಟ್ಟಿನಲ್ಲಿ ಹೊತ್ತು ಕೆಳಗಿನ ಗಿಡಗಳಿಗೆ ಸುರಿದು ಬರುತ್ತಿದ್ದೆ.

ಒಂಬತ್ತನೇ ದಿನ, ಮಂಗಳವಾರ ಸಂಜೆ, ಮಣ್ಣಿನ ಒಂದು ದೊಡ್ಡ ಹೆಂಟೆ ತಾನಾಗಿ ಕಳಚಿಕೊಂಡಿತು. ಅದರ ಹಿಂದೆ ಚರ್ಮದ ಪಟ್ಟಿಗೆ ಒತ್ತಿಕೊಂಡಂತೆ ಮುಷ್ಟಿಗಾತ್ರದ ತುಕ್ಕಿನ ಗಡ್ಡೆಯಿತ್ತು. ಬ್ರಷ್ಷಿನಿಂದ ಉಜ್ಜಿದೆ. ಮೈಮೇಲೆ ಚೌಕ ಚೌಕವಾಗಿ ಕೊರೆದ ಗೆರೆಗಳು ಕಂಡವು. ಇನ್ನೂ ಸ್ವಲ್ಪ ಉಜ್ಜಿದೆ. ಪಕ್ಕದಲ್ಲಿ ಮೇಲಿನಿಂದ ಕೆಳಗಿಳಿದ ಒಂದು ಚಪ್ಪಟೆ ಪಟ್ಟಿ, ಅರ್ಧ ಮಣ್ಣಿನೊಳಗೇ ಇತ್ತು. ನಾನು ಬ್ರಷ್ಷನ್ನು ಸ್ಟೂಲಿನ ಮೇಲಿಟ್ಟೆ.

ಅದು ಕೈಬಾಂಬು. ಹೆಲ್ಮೆಟ್ಟುಗಳ ಬಗ್ಗೆ ಓದುವವನಿಗೆ ಅದರ ಚಿತ್ರ ಎಷ್ಟು ಸಲ ಕಣ್ಣಿಗೆ ಬಿದ್ದಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನನಗೆ ಒಂದು ಕ್ಷಣದ ಅನುಮಾನವೂ ಇರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುವುದಕ್ಕೆ ಕಾರಣವಿದೆ. ಮಂಗಳವಾರ ಸಂಜೆ ನನಗೆ ಗೊತ್ತಾಯಿತು. ಗುರುವಾರ ಬೆಳಗಿನ ತನಕ ನಾನು ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಪೊಲೀಸರಿಗೆ ಹೇಳಿದರೆ ಹೆಲ್ಮೆಟ್ಟು ಹೋಗುತ್ತದೆ ಅನ್ನಿಸಿತು. ಅದರ ಅಂಚಿನಲ್ಲಿ ಆಗಲೇ ಉಗುರಗಲದ ಮೂಲ ಬಣ್ಣ ಕಂಡಿತ್ತು. ಉಳಿದ ಹನ್ನೊಂದನ್ನೂ ಒಯ್ಯುತ್ತಾರೆ, ಎಲ್ಲಿಂದ ತಂದೆ ಎಂದು ಕೇಳುತ್ತಾರೆ, ಸೊಸೈಟಿಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ ಅನ್ನಿಸಿತು. ಎಂಬತ್ತು ವರ್ಷದ ಹಳೆ ಕಬ್ಬಿಣ, ನೀರಿನಲ್ಲಿ ಒಂಬತ್ತು ದಿನ ನೆನೆದಿದೆ, ಒಳಗಿನ ಮದ್ದು ಯಾವತ್ತೋ ಸತ್ತಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಲೇ ಹಳೆ ಗೋಣಿಚೀಲ ಒದ್ದೆ ಮಾಡಿ ಟಬ್ಬಿನ ಸುತ್ತ ಸುತ್ತಿದೆ. ಹೆಂಡತಿ ಒಗೆದ ಬಟ್ಟೆ ಹಿಡಿದು ಬಂದಾಗ, ಇಲ್ಲಿ ಒಣಹಾಕಬೇಡ, ನೀರು ಸಿಡಿದು ಕಲೆಯಾಗುತ್ತದೆ ಎಂದೆ. ಅವಳು ಬಟ್ಟೆಯನ್ನು ಹೊರಗಿನ ಕೋಣೆಯ ಕುರ್ಚಿಗಳ ಮೇಲೆ ಹರವಿದಳು.

ಬುಧವಾರ ಇಡೀ ದಿನ ನಾನು ಮನೆಬಿಟ್ಟು ಕದಲಲಿಲ್ಲ. ಬಾಲ್ಕನಿಯ ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಮೇಲಿನ ಮನೆಯಲ್ಲಿ ಮಸಾಲೆ ಕುಟ್ಟುವ ಸದ್ದು ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ. ಆಸಿಡ್ಡಿನ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಶುಕ್ರವಾರಕ್ಕೆ ಅದನ್ನು ಕಲಸುವುದೆಂದು ನಾನು ಮೊದಲೇ ಲೆಕ್ಕ ಹಾಕಿದ್ದೆ.

ಗುರುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಬಾಲ್ಕನಿಯ ಬಾಗಿಲು ತೆರೆದಿತ್ತು. ಮಗಳು ಫೋನಿನಲ್ಲಿ ಮಾತಾಡುತ್ತ ಕಟಾಂಜನಕ್ಕೆ ಒರಗಿ ನಿಂತಿದ್ದಳು. ಒಂದು ಕಾಲನ್ನು ಟಬ್ಬಿನ ಅಂಚಿನ ಮೇಲಿಟ್ಟು ತೂಗುತ್ತಿದ್ದಳು. ಟಬ್ಬು ಅವಳ ಕಾಲಿನೊಂದಿಗೆ ನೆಲಕ್ಕೆ ಬಡಿದು ಬಡಿದು ಏಳುತ್ತಿತ್ತು. ನನ್ನನ್ನು ಕಂಡು, "ಅಪ್ಪಾ, ಈ ಟಬ್ ಹಟಾ ದೋ ನಾ, ತೆಗೆದುಬಿಡು. ಎಷ್ಟು ದಿನ ಆಯ್ತು, ಸ್ಮೆಲ್ ಬರ್ತದೆ," ಅಂದಳು.

ಕೂಗಿದರೆ ಬೆಚ್ಚಿ ಟಬ್ಬನ್ನು ಉರುಳಿಸಿಯಾಳು ಎಂದು ನಾನು ಕೂಗಲಿಲ್ಲ. ಅಮ್ಮ ಕರೀತಾಳೆ ಎಂದೆ. ಅವಳು ಕಾಲು ತೆಗೆದು ಒಳಗೆ ಬಂದಳು. ಬಾಗಿಲು ಮುಚ್ಚಿ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದು ಸುಬೇದಾರರ ಮನೆಗೆ ಹೋದೆ. ನೋಡಿ, ಒಂದು ವಸ್ತು ಸಿಕ್ಕಿದೆ ಎಂದಷ್ಟೇ ಹೇಳಿದೆ. ಅವರು ನನ್ನ ಮುಖ ನೋಡಿ ಚಾ ಬಟ್ಟಲು ಕೆಳಗಿಟ್ಟು ಎದ್ದರು. ಆವತ್ತು ಮೊದಲ ಸಲ ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಲ್ಕನಿಯ ಹೊಸ್ತಿಲಲ್ಲಿ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ಬಗ್ಗಿ ನೀರಿನೊಳಗೆ ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ.

"ಇದು ಯಾವಾಗ ಕಂಡತ್ರಿ ನಿಮಗ?" ಎಂದು ಕೇಳಿದರು.

"ಈಗ. ಮುಂಜಾನೆ," ಎಂದೆ.

ಅವರು ಟಬ್ಬಿಗೆ ಸುತ್ತಿದ್ದ ಗೋಣಿಚೀಲ ನೋಡಿದರು, ಖಾಲಿಯಿದ್ದ ಬಟ್ಟೆಯ ಹಗ್ಗ ನೋಡಿದರು. ಮತ್ತೆ ಅದರ ಬಗ್ಗೆ ಏನೂ ಕೇಳಲಿಲ್ಲ. "ನೀರ ಚೆಲ್ಲಬ್ಯಾಡ್ರಿ, ಮುಟ್ಟಬ್ಯಾಡ್ರಿ. ಮೊದಲ ಮಂದೀನ ಇಳಸೂಣು. ಗಡಿಬಿಡಿ ಮಾಡಬ್ಯಾಡ್ರಿ, ಚಾ ಕುಡ್ಯಾಕ ಹೊಂಟವರಂಗ ಇಳೀಬೇಕು ಎಲ್ಲಾರೂ," ಎಂದರು.

ಪೊಲೀಸರಿಗೆ ಫೋನು ಮಾಡಿದ್ದೂ ಅವರೇ. ಹೆಂಡತಿ, ಮಗಳು ಮೊದಲು ಇಳಿದರು. ನಾನು ಮತ್ತು ವಾಚ್‌ಮನ್ ಮನೆಮನೆಗೆ ಹೋಗಿ ಬೆಲ್ಲು ಒತ್ತಿದೆವು. ಸುಬೇದಾರರು ಮೆಟ್ಟಿಲ ತಿರುವಿನಲ್ಲಿ ನಿಂತು ಒಬ್ಬೊಬ್ಬರನ್ನೂ ಎಣಿಸುತ್ತ ಇಳಿಸಿದರು. ಅರ್ಧ ಸ್ನಾನದಲ್ಲಿದ್ದವರು, ಒಲೆ ಆರಿಸಿ ಬಂದವರು, ಆಫೀಸಿನ ಚೀಲ ಹಿಡಿದವರು, ಎಲ್ಲರೂ ಎದುರಿನ ಮೈದಾನದಲ್ಲಿ ಸೇರಿದರು. ಮೂರನೇ ಮಹಡಿಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡೇ ಇರುವ ಒಬ್ಬ ಅಜ್ಜಿಯಿದ್ದರು. ಲಿಫ್ಟು ಬೇಡವೆಂದು ಸುಬೇದಾರರು ಹೇಳಿದ್ದರಿಂದ ಅವರ ಮಗ ಮತ್ತು ಇಬ್ಬರು ನೆರೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಹೊತ್ತು ಇಳಿಸಿದರು. ಸಿಲಿಂಡರನ್ನು ನಾನು ಹಿಡಿದೆ. ಅಜ್ಜಿ ಮೆಟ್ಟಿಲು ಮೆಟ್ಟಿಲಿಗೂ ನನ್ನ ಕಡೆ ನೋಡಿ, ಏನಾಗಿದೆ ಎಂದು ಮರಾಠಿಯಲ್ಲಿ ಕೇಳುತ್ತಲೇ ಇದ್ದರು. ನಮ್ಮ ಬಾಗಿಲ ಮುಂದೆ ಹಾಯುವಾಗ ಕುರ್ಚಿಯ ಕಾಲು ಗೋಡೆಗೆ ತಾಗಿತು. ನಾಲ್ವರೂ ಕಲ್ಲಾಗಿ ನಿಂತೆವು. ಆಮೇಲೆ ಮತ್ತೆ ಇಳಿದೆವು.

ಬಾಂಬು ನಿಷ್ಕ್ರಿಯ ದಳದವರು ಬಂದು ರಸ್ತೆಯ ಎರಡೂ ಬದಿ ಮುಚ್ಚಿದರು. ದಪ್ಪ ಕವಚ ತೊಟ್ಟ ಒಬ್ಬನೇ ಒಳಗೆ ಹೋದ. ಮುಕ್ಕಾಲು ಗಂಟೆಯ ಮೇಲೆ ಟಬ್ಬನ್ನು ನೀರು ಸಮೇತ ಎದೆಗಾನಿಸಿಕೊಂಡು, ಒಂದೊಂದೇ ಹೆಜ್ಜೆಯಿಟ್ಟು ಹೊರಬಂದ. ಅದನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಮೈದಾನದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಷ್ಟು ಜನ ಅಷ್ಟು ಸುಮ್ಮನಿದ್ದುದನ್ನು ಈ ಊರಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಠಾಣೆಯಲ್ಲಿ ಒಬ್ಬ ಅಧಿಕಾರಿ ನನ್ನ ಹೇಳಿಕೆ ಬರೆದುಕೊಂಡರು. ಊರಾಚೆ ಬಯಲಿನಲ್ಲಿ ಅದನ್ನು ಸಿಡಿಸಿದ್ದಾಗಿ ಹೇಳಿದರು. ಮದ್ದು ಸತ್ತಿರಲಿಲ್ಲವೇ ಎಂದು ಕೇಳಿದೆ. ಸತ್ತಿರಲಿಲ್ಲ ಎಂದರು. ಪಿನ್ನನ್ನು ತುಕ್ಕು ತಿಂದು ದಾರದಷ್ಟು ಉಳಿದಿತ್ತಂತೆ. ಪಕ್ಕದ ಪಟ್ಟಿ ಎಗರಿ ಬಾಂಬು ಸಿಡಿಯದಂತೆ ಅದನ್ನು ಒತ್ತಿ ಹಿಡಿದಿದ್ದು ಮಣ್ಣು. ಒಂಬತ್ತು ದಿನ ನಾನು ಬಿಡಿಸುತ್ತಿದ್ದುದು ಆ ಮಣ್ಣನ್ನು. ಆಸಿಡ್ಡಿನ ಡಬ್ಬಿಯ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಿಕೆಯಲ್ಲಿ ಗುರುವಾರ ಬೆಳಿಗ್ಗೆ ಕಂಡೆ ಎಂದೇ ಬರೆಸಿ ಸಹಿ ಮಾಡಿದೆ.

ಅವರು ನನ್ನನ್ನೇ ಕರೆದುಕೊಂಡು ಆ ಅಂಗಡಿಗೆ ಹೋದರು. ಮುದುಕ ಎಲ್ಲ ಹೇಳಿದ. ಆಗ ಗೊತ್ತಾದದ್ದು, ಆ ಗೋಣಿಚೀಲದಲ್ಲಿ ಅಂಥವೇ ಎರಡಿದ್ದವು. ಒಂದೇ ಗುಂಡಿಯಲ್ಲಿ ಸಿಕ್ಕಿದ್ದು, ಎರಡರಲ್ಲೂ ಅದೇ ಮಣ್ಣು. ಇನ್ನೊಂದನ್ನು ನನಗಿಂತ ಎರಡು ದಿನ ಮೊದಲು ಯಾರೋ ಕೊಂಡೊಯ್ದಿದ್ದರು. ಹೆಸರಿಲ್ಲ, ನಂಬರಿಲ್ಲ, ನಲವತ್ತರ ಆಸುಪಾಸಿನ ಕನ್ನಡಕದವನು, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ. ಅಂಥವರು ಒಂದು ಲೋಕಲ್ಲಿನಲ್ಲಿ ಎಷ್ಟು ಜನ ಸಿಗುತ್ತಾರೆ. ಅವನು ಮತ್ತೆ ಬಂದರೆ ತಿಳಿಸಬೇಕೆಂದು ಪೊಲೀಸರು ಮುದುಕನಿಗೆ ಹೇಳಿದರು. ನಾನೂ ನನ್ನ ನಂಬರು ಬರೆದುಕೊಟ್ಟೆ.

ಸೊಸೈಟಿಯವರು ಸಭೆ ಕರೆದು, ಇನ್ನು ಮುಂದೆ ಮನೆಯಲ್ಲಿ ಇಂಥ ವಸ್ತು ಇಡುವಂತಿಲ್ಲ ಎಂದು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದರು. ಹನ್ನೊಂದನ್ನೂ ಪೊಲೀಸರು ಪರೀಕ್ಷೆಗೆ ಒಯ್ದಿದ್ದರು. ಆಮೇಲೆ ಹಿಂದಿರುಗಿಸಿದಾಗ ನಾನು ಅವನ್ನು ಒಂದು ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಟ್ಟೆ. ಅಜ್ಜಿಯ ಮಗ ಇವತ್ತಿಗೂ ಲಿಫ್ಟಿನಲ್ಲಿ ನಾನಿದ್ದರೆ ಹತ್ತುವುದಿಲ್ಲ.

ಒಂದು ವಾರದ ಮೇಲೆ, ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದ ಹೆಂಡತಿ ತಲೆಯೆತ್ತದೆ ಮಾತು ತೆಗೆದಳು.

"ಮಂಗಳವಾರ ನೀವು ಅರಿವಿ ಒಣಹಾಕಬ್ಯಾಡ ಅಂದ್ರಿ."

ನಾನು ಓದುತ್ತಿದ್ದ ಪೇಪರು ಮಡಚಿದೆ.

"ಮಂಗಳವಾರ, ಬುಧವಾರ," ಎಂದಳು. "ಎರಡು ದಿನ ಮಗಳು ಆ ಖೋಲ್ಯಾಗ ಮಲಗ್ಯಾಳ. ನಾ ಮಲಗೇನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೊರದಲ್ಲಿನ ಕಲ್ಲು ಹೆಕ್ಕಿ ಪಕ್ಕಕ್ಕಿಡುತ್ತಲೇ ಇದ್ದಳು. ನಾನು ಆಗ ಎಲ್ಲ ಹೇಳಿದೆ, ತೂಕದಿಂದ ಹಿಡಿದು ಆಸಿಡ್ಡಿನವರೆಗೆ. ಅವಳು ಕೇಳಿಸಿಕೊಂಡಳು. ಮೂರನೇ ದಿನ ಧಾರವಾಡಕ್ಕೆ, ಅಕ್ಕನ ಮನೆಗೆ ಹೊರಟಳು. ಯಾವಾಗ ಬರುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂದೂವರೆ ತಿಂಗಳ ಮೇಲೆ ಬಂದಳು. ಮಾತಾಡುತ್ತಾಳೆ, ಅಡುಗೆ ಮಾಡುತ್ತಾಳೆ, ನನ್ನ ಬಿ.ಪಿ. ಮಾತ್ರೆ ನೆನಪಿಸುತ್ತಾಳೆ. ಆದರೆ ನಾನು ಏನಾದರೂ ಹೇಳಿದರೆ, ಅದು ಪೂರ್ತಿಯೇ ಎಂದು ಅಳೆಯುವ ಹಾಗೆ ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ.

ಅವಳು ಬಂದ ಮರುವಾರ ಅಂಗಡಿಯ ಮುದುಕ ಫೋನು ಮಾಡಿದ. ಕನ್ನಡಕದವನು ಬಂದಿದ್ದಾನೆ, ಹೆಲ್ಮೆಟ್ಟು ಮಾರಲು ತಂದಿದ್ದಾನೆ, ಮಾತಿಗೆ ಕೂರಿಸಿದ್ದೇನೆ ಎಂದ. ನಾನು ಆ ಕ್ಷಣವೇ ಠಾಣೆಯ ಅಧಿಕಾರಿಗೆ ತಿಳಿಸಿ, ಹೆಂಡತಿಗೂ ಹೇಳಿ ಹೊರಟೆ. ಹೋಗಿ ನೋಡಿದರೆ ಕೌಂಟರಿನ ಮೇಲೆ ಹೆಲ್ಮೆಟ್ಟು ಬರಿದಾಗಿ ಹೊಳೆಯುತ್ತಿತ್ತು. ತಂತಿಬ್ರಷ್ಷಿನಿಂದ ಉಜ್ಜಿ ಬಣ್ಣವನ್ನೆಲ್ಲ ಕಿತ್ತು ಹಾಕಿದ್ದ. ಮಣ್ಣೆಲ್ಲಿ ಎಂದು ಅಧಿಕಾರಿ ಕೇಳಿದರು. ಅವನಿಗೆ ಏನೂ ಅರ್ಥವಾಗಲಿಲ್ಲ. ನೀರಿಗೆ ಹಾಕಿದರೂ ಬಿಡಲಿಲ್ಲ, ಸುತ್ತಿಗೆಯಿಂದ ನಾಲ್ಕು ಬಿಟ್ಟೆ, ಎರಡು ದೊಡ್ಡ ಹೆಂಟೆಯಾಗಿ ಬಿತ್ತು, ಹೋದ ತಿಂಗಳೇ ಬಿಲ್ಡಿಂಗಿನ ಹಿಂದಿನ ಕೊಳಚೆನೀರಿನ ನಾಲೆಗೆ ಎಸೆದೆ ಎಂದ. ಹೆಂಟೆಯೊಳಗೆ ಏನಾದರೂ ಇತ್ತೇ? ನೋಡಲಿಲ್ಲ. ಭಾರವಿತ್ತೇ? ಒಂದು ಸ್ವಲ್ಪ ಭಾರವಿತ್ತು, ಎತ್ತುವಾಗ ಹೆಂಡತಿ ಕೈಜೋಡಿಸಿದಳು ಎಂದ. ವಿಷಯ ತಿಳಿಸಿದ ಮೇಲೆ ಅವನು ನಗಲು ಹೋಗಿ, ಫೋನು ತೆಗೆದು ಹೆಂಡತಿಯ ನಂಬರು ಒತ್ತಿದ.

ಮರುದಿನ ಅವನ ಬಿಲ್ಡಿಂಗಿನ ಹಿಂದೆ ನಾಲೆಯಲ್ಲಿ ಹುಡುಕಿದರು. ನಾನೂ ಹೋದೆ, ಬರುತ್ತೇನೆ ಎಂದು ಹೆಂಡತಿಯೂ ಬಂದಳು. ಲೋಹ ಪತ್ತೆ ಮಾಡುವ ಯಂತ್ರ ಹಿಡಿದವರು ದಡದುದ್ದಕ್ಕೂ ನಡೆದರು. ಅದು ಹೆಜ್ಜೆಹೆಜ್ಜೆಗೂ ಕೂಗುತ್ತಿತ್ತು: ಮೊಳೆ, ತಗಡು, ಛತ್ರಿಯ ಕಡ್ಡಿ, ಮುರಿದ ನಲ್ಲಿ. ಸಂಜೆಯ ಹೊತ್ತಿಗೆ ಅಕ್ಕಪಕ್ಕದವರು ಬಂದು, ಹದಿನೈದು ದಿನದ ಹಿಂದೆಯೇ ಮಳೆಗಾಲಕ್ಕೆ ಮುಂಚಿನ ಹೂಳೆತ್ತಿ ಲಾರಿಗಳಲ್ಲಿ ಸಾಗಿಸಿದ್ದಾರೆ ಎಂದರು. ಎಲ್ಲಿಗೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಗ್ಗು ತುಂಬಲು ಎಲ್ಲೆಲ್ಲೋ ಸುರಿಯುತ್ತಾರೆ ಎಂದ ಒಬ್ಬ. ಹೂಳು ಸುರಿಯುವ ಎರಡು ಜಾಗಗಳನ್ನೂ ಪೊಲೀಸರು ನೋಡಿ ಬಂದರು, ಏನೂ ಸಿಗಲಿಲ್ಲ. ಒಳಗೆ ಏನೂ ಇರಲಿಲ್ಲವೋ ಏನೋ ಎಂದು ಅಧಿಕಾರಿ ನನಗೆ ಸಮಾಧಾನ ಹೇಳಿದರು. ಇರಬಹುದು. ಆ ವಾರವೇ ಮಳೆ ಹಿಡಿಯಿತು. ಆ ನಾಲೆಯ ನೀರು ಕಪ್ಪಗೆ ಉಕ್ಕಿ ಗೋಡೆಯ ಮಟ್ಟಕ್ಕೆ ಬಂದಿರುವುದನ್ನು ಹೆಂಡತಿ ಬಸ್ಸಿನ ಕಿಟಕಿಯಿಂದ ನನಗೆ ತೋರಿಸಿದಳು.